ರಾಗಿಕಾಳಿಗಿಂತ ಸಣ್ಣ ದೀಪ

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ ನಮ್ಮ ಮನೆಯ ಇಂಟರ್ನೆಟ್ ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿಟುಕತೊಡಗಿತು. ಭಾನುವಾರ ಸಂಜೆ ಏಳೂವರೆ ಎಂದರೆ ಕೆನಡಾದಲ್ಲಿರುವ ಮಗಳು ವಿಡಿಯೋ ಕಾಲ್ ಮಾಡುವ ಹೊತ್ತು. ಅಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ. ಅವಳ ಕೂಸಿಗೆ ಐದು ತಿಂಗಳು. ಬೋರಲು ಬೀಳುವುದನ್ನು ಕಲಿತಿದೆ, ಈ ವಾರ ತೋರಿಸುತ್ತೇನೆ ಎಂದಿದ್ದಳು. ನಮ್ಮದು ಮಲೆನಾಡಿನ ಊರು. ಮಳೆ ಜೋರಾದರೆ ಮೊಬೈಲ್ ಸಿಗ್ನಲ್ ಸಿಗಬೇಕೆಂದರೆ ಕೊಡೆ ಹಿಡಿದು ಅಂಗಳದ ಮೂಲೆಯಲ್ಲಿ ನಿಲ್ಲಬೇಕು. ಹಾಗೆ ನಿಂತು ಎರಡು ಮಾತಾಡಿದ್ದಾಯಿತು, ಕೂಸಿನ ಮುಖ ಕಾಣಲಿಲ್ಲ.

ಮಾರನೆಯ ದಿನ ರಿಪೇರಿ ಹುಡುಗ ಬಂದ. ಜೇಬಿನಿಂದ ಪೆನ್ನಿನಂಥ ಒಂದು ಟಾರ್ಚು ತೆಗೆದು, ಪೆಟ್ಟಿಗೆಗೆ ಸಿಕ್ಕಿಸಿದ್ದ ಹಳದಿ ವೈರಿನ ತುದಿಗೆ ಹಚ್ಚಿದ. ಕಬ್ಬಿಣದ ಟ್ರಂಕಿನ ಹಿಂದೆ ವೈರು ಮಡಚಿಕೊಂಡಿದ್ದ ಜಾಗದಲ್ಲಿ ಕೆಂಡದ ಹಾಗೆ ಒಂದು ಕೆಂಪು ಚುಕ್ಕೆ ಹೊಳೆಯಿತು. ಬೆಳಕು ಅಲ್ಲೇ ಸೋರಿಹೋಗುತ್ತಿತ್ತು. ಹೆಂಚು ಸೋರುತ್ತದೆಂದು ಹಿಂದಿನ ದಿನ ಟ್ರಂಕನ್ನು ಗೋಡೆಗೆ ಒತ್ತಿ ಸರಿಸಿದವಳು ನಾನೇ. ಒಳಗಿನ ಗಾಜಿನ ಎಳೆ ಮುರಿದಿತ್ತು. ಹುಡುಗ ಏನೂ ಅನ್ನಲಿಲ್ಲ, ನಕ್ಕು ಹೊಸ ವೈರು ಹಾಕಿದ.

ಏಳನೇ ತರಗತಿ ಓದುವ ನನ್ನ ಮೊಮ್ಮಗಳು, ಮಗನ ಮಗಳು, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಬಿಚ್ಚಿದ್ದ ಇನ್ನೊಂದು ತುದಿಯನ್ನು ಕಣ್ಣಿನ ಹತ್ತಿರ ತರುವಷ್ಟರಲ್ಲಿ ಹುಡುಗ ಕೈ ಹಿಡಿದು ತಡೆದ. “ಬೇಡ ಪುಟ್ಟಿ. ನನ್ನ ಟಾರ್ಚಿನದು ಪರೀಕ್ಷೆಗೆ ಅಂತ ಕೆಂಪು ಬೆಳಕು. ನಿಜವಾಗಿ ಇದರಲ್ಲಿ ಓಡೋ ಬೆಳಕು ಕಣ್ಣಿಗೆ ಕಾಣಲ್ಲ. ಕಾಣಲ್ಲ ಅಂತ ನೋಡೋಕೆ ಹೋದ್ರೆ ಕಣ್ಣಿಗೆ ಏಟು.” ಮಕ್ಕಳೇ, ನಿಮ್ಮ ಮನೆಯಲ್ಲೂ ಇಂಥ ಪೆಟ್ಟಿಗೆ ಇದ್ದರೆ ಈ ಮಾತು ನೆನಪಿರಲಿ.

ಅವನು ಹೋದ ಮೇಲೆ ಅವಳ ಪ್ರಶ್ನೆ ಬಂತು. “ಅಜ್ಜಿ, ನಮ್ಮ ಪುಸ್ತಕದಲ್ಲಿ ಬೆಳಕು ಗಾಜಿನ ಎಳೆಯೊಳಗೆ ಪುಟಿಯುತ್ತಾ ಹೋಗೋ ಚಿತ್ರ ಇದೆ. ಸಂಪೂರ್ಣ ಆಂತರಿಕ ಪ್ರತಿಫಲನ ಅಂತ ಬರೆದಿದಾರೆ. ಆದ್ರೆ ಆ ಬೆಳಕು ಎಲ್ಲಿಂದ ಬಂತು? ದೀಪ ಹಚ್ಚಿದ್ದು ಯಾರು?”

ಒಳ್ಳೆಯ ಪ್ರಶ್ನೆ. ಗಾಜಿನ ದಾರದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ದೀಪದ ಕಥೆ ಹೇಳುವವರು ಕಡಿಮೆ. ನಾನು ಹೇಳಿದರೆ ಅದು ಒಂದು ಹಳೆಯ ರಾತ್ರಿಯಿಂದ ಶುರುವಾಗಬೇಕು.

ನಾನು 1971ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಟೆಲಿಫೋನ್ ಆಪರೇಟರಾಗಿ ಸೇರಿದವಳು. ತಲೆಗೆ ಹೆಡ್‌ಸೆಟ್ಟು, ಎದುರಿಗೆ ತೂತುಗಳ ಬೋರ್ಡು, ಕೈಯಲ್ಲಿ ಪಿನ್ನಿನ ಹುರಿ. ದೂರದ ಊರಿಗೆ ಮಾತಾಡಬೇಕಾದವರು ಮೊದಲು ನಮ್ಮಲ್ಲಿ ಕಾಲ್ ಬುಕ್ ಮಾಡಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳು. ಲೈಟ್ನಿಂಗ್ ಎಂದರೆ ಮಿಂಚು. ಅದಕ್ಕೆ ಎಂಟು ಪಟ್ಟು ಹಣ. ಹೆಸರು ಮಿಂಚಾದರೂ ಕೆಲವೊಮ್ಮೆ ಗಂಟೆಗಟ್ಟಲೆ ಕಾಯಬೇಕು. ಯಾಕೆಂದರೆ ಕಂಬದ ಮೇಲಿನ ಒಂದು ಜೋಡಿ ತಾಮ್ರದ ತಂತಿಯಲ್ಲಿ ಬಹಳವೆಂದರೆ 12 ಜನರ ಮಾತು ಒಟ್ಟಿಗೆ ಹೋಗಬಹುದಿತ್ತು. ಹದಿಮೂರನೆಯವರು ಕಾಯಲೇಬೇಕು.

1976ರ ಜುಲೈಯ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಕಂಬಳಿಕೊಪ್ಪೆ ಹೊದ್ದ ಒಬ್ಬರು ಬಂದರು. ಹೆಂಡತಿಗೆ ಬಹಳ ಜೋರಾಗಿದೆ, ಬೊಂಬಾಯಿಯಲ್ಲಿರುವ ಮಗನಿಗೆ ತಿಳಿಸಬೇಕು ಎಂದರು. ಲೈಟ್ನಿಂಗ್ ಕಾಲಿಗೆ ಹಣ ಕಟ್ಟಿದರು. ದಾರಿಯಲ್ಲಿ ಎಲ್ಲೋ ಮರ ಬಿದ್ದು ಅರ್ಧ ತಂತಿಗಳು ಸತ್ತಿದ್ದವು, ಉಳಿದವು ತುಂಬಿದ್ದವು. ನಾನು “ಹಲೋ ಹುಬ್ಬಳ್ಳಿ, ಹಲೋ ಹುಬ್ಬಳ್ಳಿ” ಎನ್ನುತ್ತಲೇ ಇದ್ದೆ. ಅವರು ಬೆಂಚಿನ ಮೇಲೆ ಕೂತೇ ಇದ್ದರು. ಬೆಳಗಿನ ನಾಲ್ಕೂವರೆಗೆ ಬೊಂಬಾಯಿ ಸಿಕ್ಕಿತು. ಅಷ್ಟರಲ್ಲಿ ಮನೆಯಿಂದ ಒಬ್ಬ ಹುಡುಗ ಓಡಿ ಬಂದು ಸುದ್ದಿ ಹೇಳಿದ್ದ. ಲೈನಿನಲ್ಲಿ ಮಾತು ಎಷ್ಟು ಸಣ್ಣಗಿತ್ತೆಂದರೆ ಅಪ್ಪ ಕೂಗಿದ್ದು ಮಗನಿಗೆ ಕೇಳುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಆಪರೇಟರೇ ನಡುವೆ ನಿಂತು ಮಾತು ದಾಟಿಸಬೇಕು. ಮುಖ ನೋಡದ ಒಬ್ಬ ಹುಡುಗನಿಗೆ “ನಿಮ್ಮ ತಾಯಿ ತೀರಿಕೊಂಡರು” ಎಂದು ಹೇಳಿದವಳು ನಾನು. ಆಗ ನನಗೆ ಇಪ್ಪತ್ತೈದು ವರ್ಷ. ಯಾರ ತಪ್ಪೂ ಅಲ್ಲ. ತಂತಿಯಲ್ಲಿ ಜಾಗ ಇರಲಿಲ್ಲ, ಅಷ್ಟೇ.

ಅಂಥ ದಾರಿಗೆ ಬೇರೆ ಉಪಾಯ ಹುಡುಕುವವರು ಆ ಹೊತ್ತಿಗಾಗಲೇ ಬೇರೆ ದೇಶಗಳಲ್ಲಿ ಕೆಲಸ ಮಾಡುತ್ತಿದ್ದರು. ಅದು ನನಗೆ ಗೊತ್ತಾಗಿದ್ದು 1990ರ ದಶಕದಲ್ಲಿ, ಇಲಾಖೆಯ ತರಬೇತಿಗೆ ಹೋದಾಗ. ಅಲ್ಲಿ ಮೇಷ್ಟರು ಒಂದು ಪುಟ್ಟ ಲೋಹದ ಡಬ್ಬಿ ತೆರೆದು ಭೂತಕನ್ನಡಿಯಲ್ಲಿ ತೋರಿಸಿದರು. ಚಿನ್ನದ ಲೇಪದ ಮೇಲೆ ಕೂತ ಒಂದು ಕಪ್ಪು ಚೂರು. ಉದ್ದ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ. ಒಂದು ರಾಗಿಕಾಳಿನ ಪಕ್ಕ ಇಟ್ಟರೆ ರಾಗಿಕಾಳೇ ದೊಡ್ಡಣ್ಣ. ಅದು ಅರೆವಾಹಕ ಲೇಸರ್. ಗಾಜಿನ ಎಳೆಯೊಳಗೆ ಹಚ್ಚುವ ದೀಪ.

ಅದು ಉರಿಯುವುದು ಹೇಗೆ? ಮೊಮ್ಮಗಳಿಗೆ ನಮ್ಮ ಹಿತ್ತಿಲಿನ ನೇರಳೆ ಮರ ತೋರಿಸಿದೆ. ಹಣ್ಣು ಮೇಲಿದೆ, ನೆಲ ಕೆಳಗಿದೆ. ಹಣ್ಣು ಬಿದ್ದಾಗ ಸದ್ದಾಗುತ್ತದೆ. ಅರೆವಾಹಕ ಹರಳಿನಲ್ಲೂ ಎಲೆಕ್ಟ್ರಾನುಗಳಿಗೆ ಮೇಲಿನ ಅಂತಸ್ತು, ಕೆಳಗಿನ ಅಂತಸ್ತು ಎಂದು ಇವೆ. ವಿದ್ಯುತ್ ಹರಿಸಿದರೆ ಎಲೆಕ್ಟ್ರಾನುಗಳು ಮೇಲಿನ ಅಂತಸ್ತಿಗೆ ಬಂದು ತುಂಬುತ್ತವೆ. ಕೆಳಗಿನ ಅಂತಸ್ತಿನಲ್ಲಿ ಖಾಲಿ ಜಾಗಗಳು ಕಾದಿರುತ್ತವೆ. ಎಲೆಕ್ಟ್ರಾನು ಆ ಖಾಲಿ ಜಾಗಕ್ಕೆ ಬಿದ್ದಾಗ ಸದ್ದಿನ ಬದಲು ಬೆಳಕಿನ ಒಂದು ಕಣ ಹೊರಡುತ್ತದೆ. ಅದಕ್ಕೆ ಫೋಟಾನ್ ಎಂದು ಹೆಸರು. ಹಣ್ಣು ಒಂದೊಂದಾಗಿ ತೋಚಿದಾಗ ಬಿದ್ದರೆ ಅದು ನಿಮ್ಮ ಮನೆಯ ಎಲ್‌ಇಡಿ ಬಲ್ಬು. ಆದರೆ ಒಂದು ಫೋಟಾನು ಹಾದುಹೋಗುವಾಗ, ಬೀಳಲು ಸಿದ್ಧವಾಗಿ ಕೂತ ಎಲೆಕ್ಟ್ರಾನನ್ನು ತಟ್ಟಿ ಬೀಳಿಸಬಲ್ಲದು, ಆಗ ಹುಟ್ಟುವ ಹೊಸ ಫೋಟಾನು ಮೊದಲಿನದರ ಅವಳಿಯಾಗಿರುತ್ತದೆ ಎಂದು ಐನ್‌ಸ್ಟೈನ್ 1917ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಅದೇ ಬಣ್ಣ, ಅದೇ ದಿಕ್ಕು, ಅದೇ ತಾಳ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಹೀಗೆ ಬೆಳೆಯಬೇಕಾದರೆ ಬೆಳಕು ಹರಳಿನೊಳಗೆ ಹಲವು ಸಲ ಹಿಂದೆ ಮುಂದೆ ಓಡಾಡಬೇಕು. ಅದಕ್ಕೆ ಎರಡು ತುದಿಗೂ ಕನ್ನಡಿ ಬೇಕು. ಇಲ್ಲಿ ಕನ್ನಡಿಯನ್ನು ಬೇರೆಯಾಗಿ ತಂದು ಅಂಟಿಸಬೇಕಾಗಿಲ್ಲ. ಹರಳನ್ನು ಅದರ ಪದರದ ನೇರಕ್ಕೆ ಸೀಳಿದರೆ ಸೀಳಿದ ಮುಖವೇ ನುಣುಪಾದ ಕನ್ನಡಿ. ಬಿದ್ದ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಒಳಕ್ಕೆ ಮರಳುತ್ತದೆ, ಉಳಿದದ್ದು ಹೊರಗೆ ಬಂದು ಗಾಜಿನ ಎಳೆಯನ್ನು ಸೇರುತ್ತದೆ.

ಕಾಗದದ ಮೇಲೆ ಇಷ್ಟೇ. ಮಾಡಿ ತೋರಿಸಲು ಬಹಳ ವರ್ಷ ಬೇಕಾಯಿತು.

ಮೊದಲ ಲೇಸರ್ ಬೆಳಗಿದ್ದು 1960ರ ಮೇ 16ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಥಿಯೋಡರ್ ಮೈಮನ್ ಎಂಬವರು ಮಾಡಿದ್ದು, ಮಾಣಿಕ್ಯದ ಕಡ್ಡಿಯಿಂದ. ಎರಡು ವರ್ಷದ ನಂತರ, 1962ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ರಾಬರ್ಟ್ ಹಾಲ್ ಮತ್ತು ಅವರ ಜೊತೆಗಾರರು ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಚೂರಿನಿಂದ ಲೇಸರ್ ಬೆಳಕು ಬರಿಸಿದರು. ಹಾಲ್ ಹುಡುಗನಾಗಿದ್ದಾಗ ದೂರದರ್ಶಕಕ್ಕೆ ಬೇಕಾದ ಕನ್ನಡಿಗಳನ್ನು ತಾನೇ ಉಜ್ಜಿ ತಯಾರಿಸುತ್ತಿದ್ದರಂತೆ. ಹರಳಿನ ತುದಿಗಳನ್ನು ನುಣುಪು ಮಾಡಲು ಆ ಹವ್ಯಾಸವೇ ಕೈಹಿಡಿಯಿತು. (ರಜೆಯಲ್ಲಿ ಮಕ್ಕಳು ಏನೇನೋ ಬಿಚ್ಚಿ ಉಜ್ಜುತ್ತಾ ಕೂತರೆ ಗದರುವ ಅಜ್ಜಂದಿರಿಗೆ ಈ ಸಾಲು.) ಕೆಲವೇ ವಾರಗಳ ಅಂತರದಲ್ಲಿ ಅಮೆರಿಕದ ಇನ್ನೂ ಮೂರು ತಂಡಗಳು ಇದೇ ಕೆಲಸ ಮಾಡಿ ಮುಗಿಸಿದವು.

ಆದರೆ ಈ ದೀಪ ಬಲು ನಾಜೂಕು. ಅದನ್ನು ದ್ರವ ನೈಟ್ರೋಜನ್ನಿನಲ್ಲಿ ಮುಳುಗಿಸಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ ಇಟ್ಟರೆ ಮಾತ್ರ ಉರಿಯುತ್ತಿತ್ತು. ಅದೂ ಕ್ಷಣಮಾತ್ರದ ಮಿಣುಕುಗಳಾಗಿ. ಒಂದೇ ಸಮನೆ ಉರಿಸಿದರೆ ತನ್ನ ಬಿಸಿಗೆ ತಾನೇ ಹಾಳಾಗುತ್ತಿತ್ತು. ಎಲೆಕ್ಟ್ರಾನುಗಳು ನಿಲ್ಲಬೇಕಾದ ಜಾಗದಲ್ಲಿ ನಿಲ್ಲದೆ ಹರಡಿಹೋಗುತ್ತಿದ್ದುದೇ ಕಾರಣ. ಅಷ್ಟನ್ನೂ ತುಂಬಿಸಲು ವಿಪರೀತ ವಿದ್ಯುತ್ ಬೇಕು, ವಿದ್ಯುತ್ ಹೆಚ್ಚಿದರೆ ಬಿಸಿ ಹೆಚ್ಚು.

ಇದಕ್ಕೆ ಉಪಾಯ ಹೊಳೆದದ್ದು 1963ರಲ್ಲಿ, ಒಬ್ಬರಿಗೊಬ್ಬರು ಅರಿಯದ ಎರಡು ಕಡೆ. ಅಮೆರಿಕದಲ್ಲಿದ್ದ ಹರ್ಬರ್ಟ್ ಕ್ರೋಮರ್ ಮತ್ತು ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡಿನ ಝೋರೆಸ್ ಅಲ್ಫೆರೋವ್, ರುಡಾಲ್ಫ್ ಕಝಾರಿನೋವ್. ಉಪಾಯ ಏನೆಂದು ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ: ಒಬ್ಬಟ್ಟು. ಹೂರಣ ನಡುವೆ, ಮೇಲೆ ಕೆಳಗೆ ಕಣಕ. ನಡುವಿನ ತೆಳು ಪದರ ಒಂದು ಅರೆವಾಹಕದ್ದು, ಎರಡೂ ಬದಿಯ ಹೊದಿಕೆ ಇನ್ನೊಂದು ಅರೆವಾಹಕದ್ದು. ಹೊದಿಕೆಯ ಗೋಡೆ ಎತ್ತರ. ನಡುವಿಗೆ ಬಂದ ಎಲೆಕ್ಟ್ರಾನು ಹೊರಗೆ ಚೆಲ್ಲಲಾರದು. ಬೆಳಕೂ ಆ ಪದರವನ್ನು ಬಿಟ್ಟು ಹೆಚ್ಚು ಆಚೆಗೆ ಹರಡದು. ಹೂರಣದ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ.

ಕ್ರೋಮರ್ ಇದನ್ನು ಮಾಡಿ ನೋಡುತ್ತೇನೆಂದಾಗ, ಇಂಥ ಸಾಧನದಿಂದ ಯಾವ ಪ್ರಯೋಜನವೂ ಆಗದು ಎಂದು ಅವರ ಕಂಪನಿ ಅನುಮತಿ ಕೊಡಲಿಲ್ಲ. ಮುಂದೆ 2000ದಲ್ಲಿ ಅವರಿಗೂ ಅಲ್ಫೆರೋವ್ ಅವರಿಗೂ ನೊಬೆಲ್ ಬಂದಾಗ ಕ್ರೋಮರ್ ಆ ಕಥೆಯನ್ನು ತಾವೇ ಹೇಳಿಕೊಂಡರು.

ಒಬ್ಬಟ್ಟು ತಟ್ಟುವುದು ಸುಲಭವೇನಲ್ಲ. ಕಣಕ ಮತ್ತು ಹೂರಣದ ಪರಮಾಣುಗಳ ಸಾಲು ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಹರಳು ಒಳಗೇ ಬಿರಿಯುತ್ತದೆ. ಗ್ಯಾಲಿಯಂ ಆರ್ಸೆನೈಡಿಗೆ ಸ್ವಲ್ಪ ಅಲ್ಯೂಮಿನಿಯಂ ಬೆರೆಸಿದರೆ ಸಾಲು ಹೆಚ್ಚುಕಡಿಮೆ ಹೊಂದಿಕೊಳ್ಳುತ್ತದೆಂದು ತಿಳಿದ ಮೇಲೆ ಕೆಲಸ ಚುರುಕಾಯಿತು. 1970ರಲ್ಲಿ ಮೊದಲು ಲೆನಿನ್‌ಗ್ರಾಡಿನ ಅಲ್ಫೆರೋವ್ ತಂಡ, ಹಿಂದೆಯೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಇಝುವೋ ಹಯಾಶಿ ಮತ್ತು ಮಾರ್ಟನ್ ಪ್ಯಾನಿಶ್, ಕೋಣೆಯ ಸಾಮಾನ್ಯ ಬಿಸಿಯಲ್ಲೇ ಒಂದೇ ಸಮನೆ ಉರಿಯುವ ಲೇಸರ್ ಮಾಡಿದರು. ದ್ರವ ನೈಟ್ರೋಜನ್ನಿನ ಹಂಗು ತಪ್ಪಿತು.

ಗಾಜಿನ ಕಡೆಯೂ ಅದೇ ವರ್ಷ ಗೆಲುವು ಬಂತು. ಆ ಕಾಲದ ಸಾಮಾನ್ಯ ಗಾಜಿನ ಎಳೆಯಲ್ಲಿ ಬೆಳಕು ಪ್ರತಿ ಮೂರು ಮೀಟರಿಗೆ ಅರ್ಧವಾಗುತ್ತಿತ್ತು. ಗಾಜಿನೊಳಗಿನ ಕಶ್ಮಲ ತೆಗೆದರೆ, ಒಂದು ಕಿಲೋಮೀಟರ್ ಹೋದ ಮೇಲೂ ನೂರರಲ್ಲಿ ಒಂದು ಪಾಲು ಉಳಿಯುವಂತೆ ಮಾಡಬಹುದು, ಅಷ್ಟಿದ್ದರೆ ಟೆಲಿಫೋನಿಗೆ ಸಾಕು ಎಂದು ಚಾರ್ಲ್ಸ್ ಕಾವೊ ಇಂಗ್ಲೆಂಡಿನಲ್ಲಿ ಜಾರ್ಜ್ ಹಾಕಮ್ ಜೊತೆ 1966ರಲ್ಲಿ ಬರೆದಿದ್ದರು. ಹಲವರಿಗೆ ನಂಬಿಕೆ ಬಂದಿರಲಿಲ್ಲ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯವರು ಆ ಗುರಿ ದಾಟಿದರು. ಕಾವೊ ಅವರಿಗೆ ನೊಬೆಲ್ ಬಂದದ್ದು ಮಾತ್ರ 2009ರಲ್ಲಿ. ಅಷ್ಟರಲ್ಲಿ ಅವರಿಗೆ ಮರೆವಿನ ಕಾಯಿಲೆ ಹಿಡಿದಿತ್ತು. ಅವರ ಪರವಾಗಿ ನೊಬೆಲ್ ಉಪನ್ಯಾಸ ಓದಿದವರು ಹೆಂಡತಿ ಗ್ವೆನ್. ನನ್ನ ವಯಸ್ಸಿನವರು ಇದನ್ನು ಓದಿ ಒಂದು ನಿಮಿಷ ಸುಮ್ಮನೆ ಕೂರುತ್ತಾರೆಂದು ನನಗೆ ಗೊತ್ತು.

ಹಾಗಾದರೆ 1970ಕ್ಕೆ ದೀಪವೂ ಸಿಕ್ಕಿತು, ದಾರವೂ ಸಿಕ್ಕಿತು. ನಿಮಗೆ 1976ರಲ್ಲಿ ಯಾಕೆ ಸಿಗಲಿಲ್ಲ ಅಜ್ಜಿ ಎಂದು ಮೊಮ್ಮಗಳು ಕೇಳಿದಳು. ನಮ್ಮಂಥ ಊರಿಗೆ ಹೊಸದು ಬರುವುದು ಯಾವಾಗಲೂ ತಡ, ಅದು ಬೇರೆ ಮಾತು. ಆಗ ಜಗತ್ತಿನ ಬೇರೆ ಕಡೆಯೂ ಜನರ ಟೆಲಿಫೋನ್ ಮಾತಿಗೆ ಇದರ ಬಳಕೆ ಶುರುವಾಗಿರಲಿಲ್ಲ. ಯಾಕೆಂದರೆ ಆ ದೀಪ ಸಾಯುತ್ತಿತ್ತು.

ಮೊದಲಿಗೆ ತಯಾರಾದ ಲೇಸರುಗಳ ಆಯಸ್ಸು ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ. ಚೆನ್ನಾಗಿ ಉರಿಯುತ್ತಿದ್ದದ್ದು ಮಂಕಾಗಿ ನಂದಿಹೋಗುತ್ತಿತ್ತು. ಬೆಲ್ ಲ್ಯಾಬ್ಸ್‌ನ ಸಂಶೋಧಕರು ಉರಿಯುವ ಲೇಸರನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅದು ಸಾಯುವುದನ್ನೇ ಕಣ್ಣಿಟ್ಟು ನೋಡಿದರು. ಹೊಳೆಯುವ ಪಟ್ಟಿಯ ಮೇಲೆ ಕಪ್ಪು ಗೆರೆಗಳು ಹುಟ್ಟಿ ಬೆಳೆಯುತ್ತಿದ್ದವು, ಹಳೆಯ ಪಿಂಗಾಣಿ ಬಟ್ಟಲಿನ ಸೀಳಿನಂತೆ. ಗೆರೆ ಬಂದ ಕಡೆ ಬೆಳಕಿಲ್ಲ. ಹರಳು ಬೆಳೆಯುವಾಗ ಪರಮಾಣುಗಳ ಸಾಲಿನಲ್ಲಿ ಎಲ್ಲೋ ಒಂದು ಕಡೆ ತಪ್ಪಿದ ಹೆಜ್ಜೆ; ಲೇಸರ್ ಉರಿಯುತ್ತಿದ್ದಂತೆ ಆ ಒಂದು ತಪ್ಪು ಜಾಲದಂತೆ ಹರಡಿ ಇಡೀ ದೀಪವನ್ನು ತಿನ್ನುತ್ತಿತ್ತು. ಚೂರನ್ನು ಲೋಹಕ್ಕೆ ಬೆಸೆಯುವಾಗ ಸ್ವಲ್ಪ ಬಿಗಿತ ಉಳಿದರೂ ಸಾಕು, ಗೆರೆ ಬೇಗ ಹರಡುತ್ತಿತ್ತು.

ಪಾಠಪುಸ್ತಕಗಳು ಇಸವಿ, ಹೆಸರು ಬರೆದು ಮುಂದೆ ಓಡುವುದು ಇಲ್ಲಿಯೇ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದೂ ಇದೇ ಭಾಗ. ಮೊದಲು ಉರಿಸಿದವರಿಗೆ ಪ್ರಶಸ್ತಿ ಬಂತು. ಸಾಯದಂತೆ ಮಾಡಿದವರು ಹತ್ತಾರು ಜನ, ಅಮೆರಿಕದವರೂ ಇದ್ದರು, ಜಪಾನಿನವರೂ ಇದ್ದರು. ಹರಳು ಬೆಳೆಸುವ ಕುಲುಮೆಯನ್ನು ಇನ್ನಷ್ಟು ಶುಚಿ ಮಾಡಿದರು. ಮೆದು ಬೆಸುಗೆ ಬಳಸಿದರು. ಸೀಳಿದ ಮುಖಗಳಿಗೆ ತೆಳುವಾದ ರಕ್ಷಾಲೇಪ ಕೊಟ್ಟರು. ನಿಮಿಷಗಳ ಆಯಸ್ಸು ಗಂಟೆಗಳಾಯಿತು, ಗಂಟೆ ತಿಂಗಳಾಯಿತು, ತಿಂಗಳು ವರ್ಷವಾಯಿತು. 1970ರ ದಶಕ ಮುಗಿಯುವ ಮೊದಲೇ ಲೇಸರಿನ ನಿರೀಕ್ಷಿತ ಆಯಸ್ಸು 10 ಲಕ್ಷ ಗಂಟೆ ಎಂದು ಹೇಳುವಂತಾಯಿತು. ಅಂದರೆ 114 ವರ್ಷ!

“ನೂರು ವರ್ಷ ಕಾಯದೆ ನೂರು ವರ್ಷ ಬಾಳುತ್ತೆ ಅಂತ ಹೇಗೆ ಹೇಳ್ತಾರೆ?” ಅದಕ್ಕೂ ಉಪಾಯವಿದೆ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟರೆ ಬೇಗ ಹಣ್ಣಾಗುವುದಿಲ್ಲವೇ? ಹಾಗೆ ಲೇಸರುಗಳನ್ನು 70 ಡಿಗ್ರಿಯಂಥ ಬಿಸಿಯ ಒಲೆಯಲ್ಲಿಟ್ಟು ಉರಿಸುತ್ತಾರೆ. ಬಿಸಿಯಲ್ಲಿ ಅವು ಬೇಗ ಮುದಿಯಾಗುತ್ತವೆ. ಎಷ್ಟು ಬಿಸಿಗೆ ಎಷ್ಟು ಬೇಗ ಎಂದು ಅಳೆದು, ಸಾಮಾನ್ಯ ಬಿಸಿಯಲ್ಲಿ ಎಷ್ಟು ಬಾಳೀತು ಎಂದು ಲೆಕ್ಕ ಹಾಕುತ್ತಾರೆ.

1977ರಲ್ಲಿ ಅಮೆರಿಕದ ಷಿಕಾಗೋ ನಗರದ ರಸ್ತೆಗಳಡಿಯಲ್ಲಿ ಗಾಜಿನ ಎಳೆ ಎಳೆದು, ಜನರ ನಿಜವಾದ ಟೆಲಿಫೋನ್ ಮಾತನ್ನು ಬೆಳಕಿನಲ್ಲಿ ಕಳಿಸಿದರು. ಮಾತು ಬೆಳಕಾಗುವುದು ಹೀಗೆ: ನಿಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತಾರೆ. ಪ್ರತಿ ಅಳತೆಯನ್ನು ಎಂಟು ಒಂದು-ಸೊನ್ನೆಗಳಲ್ಲಿ ಬರೆಯುತ್ತಾರೆ. ಒಂದು ಬಂದರೆ ದೀಪ ಹತ್ತಬೇಕು, ಸೊನ್ನೆ ಬಂದರೆ ಆರಬೇಕು. ಒಬ್ಬರ ಮಾತಿಗೆ ಸೆಕೆಂಡಿಗೆ 64,000 ಸಲ. ಯಾವ ಮನುಷ್ಯನ ಕೈಯಿಂದಲೂ ಆಗದ ಈ ಸ್ವಿಚ್ಚಾಟ ಲೇಸರಿಗೆ ಏನೂ ಅಲ್ಲ. ಅದು ಸೆಕೆಂಡಿಗೆ ನೂರಾರು ಕೋಟಿ ಸಲ ಮಿಟುಕಬಲ್ಲದು. ತರಬೇತಿಯಲ್ಲಿ ನಮಗೆ ತೋರಿಸಿದ ಲೇಸರ್ ಸೆಕೆಂಡಿಗೆ 250 ಕೋಟಿ ಮಿಟುಕಿನದು. ಒಂದು ಎಳೆಯಲ್ಲಿ 30,000 ಜನರ ಮಾತು. ನಾನು ನೋಟ್‌ಬುಕ್ಕಿನಲ್ಲಿ ಆ ಸಂಖ್ಯೆ ಬರೆದುಕೊಂಡು, ಅದರ ಪಕ್ಕದಲ್ಲಿ 12 ಎಂದು ಬರೆದೆ. ಕಂಬಳಿಕೊಪ್ಪೆಯ ಯಜಮಾನರು ನೆನಪಾದರು. ಆಮೇಲೆ ಮೇಷ್ಟರು ಹೇಳಿದ್ದು ಸ್ವಲ್ಪ ಹೊತ್ತು ತಲೆಗೆ ಹೋಗಲಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ದೀಪಕ್ಕೆ ಆಯಸ್ಸು ಕೊಟ್ಟವರಿಗೆ ಇನ್ನೊಂದು ಪೆಟ್ಟು ಕಾದಿತ್ತು. ಗ್ಯಾಲಿಯಂ ಆರ್ಸೆನೈಡಿನ ದೀಪದ ತರಂಗಾಂತರ ಸುಮಾರು 850 ನ್ಯಾನೋಮೀಟರು. ಗಾಜು ಇನ್ನಷ್ಟು ಶುದ್ಧವಾದ ಮೇಲೆ ನೋಡಿದರೆ, ಅದಕ್ಕೆ ಇಷ್ಟವಾದ ಬೆಳಕು ಇದಲ್ಲವೇ ಅಲ್ಲ! 1,300ರ ಬೆಳಕು ಅರ್ಧವಾಗುವ ಮೊದಲು ಎಂಟೊಂಬತ್ತು ಕಿಲೋಮೀಟರ್ ಹೋಗುತ್ತದೆ. 1,550ರದ್ದು 15 ಕಿಲೋಮೀಟರ್. 850ರದ್ದಾದರೆ ಒಂದೂವರೆ ಕಿಲೋಮೀಟರಿಗೇ ಅರ್ಧ. ಎಣ್ಣೆ, ಬತ್ತಿ, ಹಣತೆ ಎಲ್ಲ ಬದಲಿಸಿ ಹೊಸ ದೀಪ ಮಾಡಬೇಕಾಯಿತು. ಇಂಡಿಯಂ, ಗ್ಯಾಲಿಯಂ, ಆರ್ಸೆನಿಕ್, ರಂಜಕ ಈ ನಾಲ್ಕನ್ನು ಹದವಾಗಿ ಬೆರೆಸಿ, ಇಂಡಿಯಂ ಫಾಸ್ಫೈಡ್ ಹರಳಿನ ಮೇಲೆ ಬೆಳೆಸಿದ ಒಬ್ಬಟ್ಟು. ಪುಣ್ಯಕ್ಕೆ ಈ ಹೊಸ ಬೆರಕೆಗೆ ಕಪ್ಪು ಗೆರೆಯ ಕಾಟ ಬಹಳ ಕಡಿಮೆ. ಈ ತರಂಗಾಂತರಗಳೆಲ್ಲ ಅವಕೆಂಪು. ನಮ್ಮ ಕಣ್ಣು 700ರ ಆಸುಪಾಸಿಗೇ ನಿಂತುಬಿಡುತ್ತದೆ. ರಿಪೇರಿ ಹುಡುಗ ಹೇಳಿದ ಕಾಣದ ಬೆಳಕು ಇದೇ.

ಆಯಸ್ಸಿನ ಬೆಲೆ ನಿಜವಾಗಿ ಗೊತ್ತಾಗುವುದು ಕಡಲಿನಲ್ಲಿ. ಮನೆಯ ಬಲ್ಬು ಹೋದರೆ ಸ್ಟೂಲು ಹತ್ತಿ ಬದಲಿಸುತ್ತೇವೆ. ಸಮುದ್ರದಡಿ ಮೂರು ನಾಲ್ಕು ಕಿಲೋಮೀಟರ್ ಆಳದಲ್ಲಿ ದೀಪ ಕೆಟ್ಟರೆ? ಹಡಗು ಕಳಿಸಿ, ಕೇಬಲ್ ಹುಡುಕಿ, ಮೇಲಕ್ಕೆ ಎತ್ತಬೇಕು. ಅಮೆರಿಕ ಮತ್ತು ಯೂರೋಪಿನ ನಡುವೆ ಅಟ್ಲಾಂಟಿಕ್ ಸಾಗರದ ತಳದಲ್ಲಿ 1956ರಲ್ಲಿ ಹಾಕಿದ ಮೊದಲ ಟೆಲಿಫೋನ್ ಕೇಬಲ್ ತಾಮ್ರದ್ದು. ಒಟ್ಟಿಗೆ 36 ಮಾತು. 1988ರ ಡಿಸೆಂಬರಿನಲ್ಲಿ ಅದೇ ಸಾಗರದಡಿ ಗಾಜಿನ ಎಳೆಗಳ ಮೊದಲ ಕೇಬಲ್ ಕೆಲಸ ಶುರುಮಾಡಿತು. ಅದರ ಹೆಸರು ಟ್ಯಾಟ್-8, ಮಾತು ಒಟ್ಟಿಗೆ 40,000. ದಾರಿಯುದ್ದಕ್ಕೂ ಇದ್ದ ಪೆಟ್ಟಿಗೆಗಳಲ್ಲಿ ಮಂಕಾದ ಬೆಳಕನ್ನು ಹಿಡಿದು ಹೊಸ ಲೇಸರಿನಿಂದ ಮತ್ತೆ ಬೆಳಗಿಸುತ್ತಿದ್ದರು. ಒಂದು ಲೇಸರ್ ಕೆಟ್ಟರೆ ಇರಲಿ ಎಂದು ಬದಲಿ ಲೇಸರುಗಳನ್ನೂ ಜೊತೆಗೇ ಇಟ್ಟಿದ್ದರು. ಮದುವೆಯ ಮನೆಯಲ್ಲಿ ಪೆಟ್ರೋಮ್ಯಾಕ್ಸ್ ಜೊತೆಗೆ ಲಾಟೀನನ್ನೂ ತಯಾರಿಡುತ್ತಿದ್ದ ಹಾಗೆ.

ಈಗಿನ ಕೇಬಲ್‌ಗಳಲ್ಲಿ ಹೀಗೆ ಹಿಡಿದು ಮತ್ತೆ ಹಚ್ಚುವ ಪದ್ಧತಿ ಇಲ್ಲ. ಎರ್ಬಿಯಂ ಎಂಬ ಧಾತುವನ್ನು ಚೂರು ಬೆರೆಸಿದ ಗಾಜಿನ ಎಳೆಯ ಒಂದು ತುಂಡಿಗೆ ಬೇರೆ ಅರೆವಾಹಕ ಲೇಸರಿನಿಂದ ಶಕ್ತಿ ತುಂಬಿಸುತ್ತಾರೆ. ಮಂಕಾದ ಬೆಳಕು ಅದರೊಳಗೆ ಹಾದರೆ ಸಾಕು, ಬೆಳಕಾಗಿಯೇ ಬಲವಾಗುತ್ತದೆ. ಇನ್ನೊಂದು ವಿಧಾನವೂ ಇದೆ, ಅದರ ಹೆಸರು ಕೇಳಿದರೆ ನಿಮಗೆ ಖುಷಿಯಾಗುತ್ತದೆ: ರಾಮನ್ ವರ್ಧಕ. ಬೆಳಕು ವಸ್ತುವಿನೊಳಗೆ ಹಾಯುವಾಗ ಅದರ ಒಂದಿಷ್ಟು ಪಾಲು ಬಣ್ಣ ಬದಲಿಸುತ್ತದೆಂದು ಸರ್ ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದರಲ್ಲ, ಅದೇ ಪರಿಣಾಮವನ್ನು ಬಳಸಿ, ಸುಮಾರು 1,450ರ ಬಲವಾದ ಲೇಸರ್ ಬೆಳಕಿನ ಶಕ್ತಿಯನ್ನು 1,550ರ ಮಂಕು ಬೆಳಕಿಗೆ ದಾಟಿಸುತ್ತಾರೆ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದವರು ಕೊನೆಯವರೆಗೂ ಇಲ್ಲೇ ಇದ್ದರು. ಅವರು ತೀರಿಕೊಂಡದ್ದು 1970ರ ನವೆಂಬರ್ 21ರಂದು. ದೀಪ ಮತ್ತು ದಾರ ಎರಡೂ ಗೆದ್ದ ವರ್ಷವೇ ಅದು. ತಮ್ಮ ಹೆಸರು ಕಡಲ ತಳದವರೆಗೆ ಹೋಗುತ್ತದೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಒಂದೇ ಎಳೆಯಲ್ಲಿ ಹಲವು ಬಣ್ಣದ ಬೆಳಕನ್ನು ಒಟ್ಟಿಗೆ ಕಳಿಸುವುದೂ ಈಗ ಮಾಮೂಲು. ಪ್ರತಿ ಬಣ್ಣಕ್ಕೂ ಒಂದು ಲೇಸರ್. ಎಂಬತ್ತು ಜನ ಒಂದೇ ಕೋಣೆಯಲ್ಲಿ ಬೇರೆ ಬೇರೆ ಶ್ರುತಿಯಲ್ಲಿ ಹಾಡಿದಂತೆ ಊಹಿಸಿಕೊಳ್ಳಿ. ಯಾರೂ ಶ್ರುತಿ ಬಿಡಬಾರದು, ಬಿಟ್ಟರೆ ಪಕ್ಕದವರ ಹಾಡು ಕೆಡುತ್ತದೆ. ಅದಕ್ಕಾಗಿ ಲೇಸರಿನೊಳಗೇ ಅತಿ ಸಣ್ಣ ಗೀರುಗಳ ಸಾಲು ಕೊರೆದು ಒಂದೇ ಬಣ್ಣ ಹೊರಡುವಂತೆ ಮಾಡುತ್ತಾರೆ. ಬಿಸಿ ಏರಿದರೂ ಶ್ರುತಿ ಜಾರುತ್ತದೆ. ಹಾಗಾಗಿ ರಾಗಿಕಾಳಿಗಿಂತ ಸಣ್ಣ ಚೂರಿಗೆ ಪಕ್ಕದಲ್ಲೇ ಒಂದು ಪುಟ್ಟ ತಂಪು ಯಂತ್ರ.

ಈಗ ಮೊಮ್ಮಗಳ ಮೊದಲ ಪ್ರಶ್ನೆಗೆ ಬರುತ್ತೇನೆ. ದೀಪ ಎಲ್ಲಿದೆ? ಒಂದು ನಮ್ಮ ಪೆಟ್ಟಿಗೆಯೊಳಗೇ ಇದೆ. ಅದು ಸುಮಾರು 1,310 ನ್ಯಾನೋಮೀಟರಿನ ಬೆಳಕಿನಲ್ಲಿ ನಮ್ಮ ಮಾತನ್ನು ಆಚೆಗೆ ಕಳಿಸುತ್ತದೆ. ಇನ್ನೊಂದು ಎಕ್ಸ್‌ಚೇಂಜಿನಲ್ಲಿದೆ, ಅದು 1,490ರ ಬೆಳಕಿನಲ್ಲಿ ಇತ್ತ ಕಳಿಸುತ್ತದೆ. ಬಣ್ಣ ಬೇರೆಯಾದ್ದರಿಂದ ಒಂದೇ ಎಳೆಯಲ್ಲಿ ಎರಡೂ ಎದುರುಬದುರಾಗಿ ಹೋದರೂ ಡಿಕ್ಕಿಯಿಲ್ಲ. ಎಕ್ಸ್‌ಚೇಂಜಿನಿಂದ ಬಂದ ಒಂದೇ ಎಳೆ ಮೂವತ್ತೆರಡು ಮನೆಗಳಿಗಾದರೂ ಕವಲೊಡೆಯುತ್ತದೆ. ಎಲ್ಲರ ಮನೆಯ ಲೇಸರೂ ಒಟ್ಟಿಗೆ ಮಿಟುಕಿದರೆ ಗದ್ದಲ. ಆದ್ದರಿಂದ ಒಂದೊಂದಕ್ಕೂ ಸರದಿ. ತನ್ನ ಸರದಿ ಬರುವ ತನಕ ನಮ್ಮ ಮನೆಯ ದೀಪ ಆರಿಕೊಂಡು ಕಾಯುತ್ತದೆ. ಕಾಯುವುದು ಎಂದರೆ ಸೆಕೆಂಡಿನ ಸಾವಿರದ ಕೆಲವೇ ಪಾಲು. ಬೆಂಚಿನ ಮೇಲೆ ಕೂತು ರಾತ್ರಿಯಿಡೀ ಅಲ್ಲ.

ಆ ಮುಂದಿನ ಭಾನುವಾರ ಸಂಜೆ ಏಳೂವರೆಗೆ ಮಗಳ ಕಾಲ್ ಬಂತು. ಕೂಸು ಬೋರಲು ಬಿತ್ತು, ಮತ್ತೆ ತಿರುಗಿಕೊಳ್ಳಲಾರದೆ ಅತ್ತಿತು. ಬೆಳಕು ಗಾಜಿನೊಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅದು ಅತ್ತದ್ದಕ್ಕೂ ನಾವು ಕೇಳಿದ್ದಕ್ಕೂ ನಡುವೆ ಗೊತ್ತಾಗುವಂಥ ಅಂತರವೇ ಇರಲಿಲ್ಲ.

ಫೋನು ಇಟ್ಟ ಮೇಲೆ ಮೊಮ್ಮಗಳು ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಲೆಕ್ಕ ಹಾಕುತ್ತಾ ಕೂತಳು. ನಮ್ಮ ಮನೆಗೆ ಪೆಟ್ಟಿಗೆ ಬಂದು ಮೂರು ವರ್ಷ. ದಿನಕ್ಕೆ 24 ಗಂಟೆ, ವರ್ಷಕ್ಕೆ 8,760, ಮೂರು ವರ್ಷಕ್ಕೆ 26,280. ಹತ್ತು ಲಕ್ಷದಲ್ಲಿ ಕಳೆದು, “ಇನ್ನೂ 9,73,720 ಗಂಟೆ ಇದೆ ಅಜ್ಜಿ. 111 ವರ್ಷ!” ಎಂದಳು. ನಮ್ಮ ಪೆಟ್ಟಿಗೆಯ ದೀಪಕ್ಕೆ ಅಷ್ಟು ಆಯಸ್ಸಿದೆ ಎಂದು ಯಾರೂ ಬರೆದುಕೊಟ್ಟಿಲ್ಲ ಎಂದೆ. ಅದಕ್ಕೆ ಕರೆಂಟು ಕೊಡುವ ಅಡಾಪ್ಟರಂತೂ ಈಗಾಗಲೇ ಎರಡು ಸಲ ಸುಟ್ಟುಹೋಗಿದೆ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳದೆ, ನನ್ನ ಟ್ರಂಕನ್ನು ಗೋಡೆಯಿಂದ ಎರಡು ಗೇಣು ಈಚೆಗೆ ಎಳೆದು, ಅಡಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದಳು.